ಭತ್ತ ಹೂ ಬಿಟ್ಟ ವಾರ

ನಾನು ಚಿಕ್ಕವನಿದ್ದಾಗ, ಅಂದರೆ ಗುಂಡಿ ಕಿತ್ತುಹೋದ ಚಡ್ಡಿಯ ಮಾನವನ್ನು ಉಡದಾರವೇ ಕಾಯುತ್ತಿದ್ದ ಕಾಲದಲ್ಲಿ, ದೇಶನೂರಿನ ನಮ್ಮ ಗದ್ದೆಗೆ ಒಂದು ವಾರದ ಮಟ್ಟಿಗೆ ಗರ್ಭಗುಡಿಯ ಮರ್ಯಾದೆ ಸಿಗುತ್ತಿತ್ತು. ಅದು ಭತ್ತ ಹೂ ಬಿಡುವ ವಾರ. ಬಿಸಿಲೇರುತ್ತಿದ್ದಂತೆ ತೆನೆಯ ಒಂದೊಂದು ಕಾಳೂ ಬಾಯಿ ತೆರೆದು, ನೂಲಿನಂಥ ಎಳೆಗಳನ್ನು ಹೊರಚಾಚಿ, ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತಿತ್ತು. ಗಾಳಿಯಲ್ಲೆಲ್ಲ ಹಸಿ ಹಿಟ್ಟಿನ ಘಮ. ಆ ಹೊತ್ತಿನಲ್ಲಿ ಯಾರೂ ಗದ್ದೆಗೆ ಇಳಿಯುವಂತಿರಲಿಲ್ಲ. ತೆನೆ ಅಲುಗಿದರೆ ಕಾಳು ಜೊಳ್ಳಾಗುತ್ತದೆ ಎಂದು ಅಪ್ಪನ ನಂಬಿಕೆ. ಬದುವಿನ ಮೇಲೆ ಕೆಮ್ಮಿದವರನ್ನೂ ಅಪ್ಪ ಅನುಮಾನದಿಂದಲೇ ನೋಡುತ್ತಿದ್ದ.

ಅಕ್ಕ ಆಗಷ್ಟೇ ಸಿರುಗುಪ್ಪದ ಹೈಸ್ಕೂಲಿಗೆ ಸೇರಿದ್ದಳು. ಅವಳ ಇಂಗ್ಲಿಷ್ ಪಾಠದಲ್ಲಿ 'ಬ್ಲಾಸಂ' ಎಂಬ ಪದ ಬಂದಿತ್ತು. ಹೂವು ಅರಳುವುದಕ್ಕೂ ಅದೇ ಮಾತು, ಮನುಷ್ಯರ ಬುದ್ಧಿ ಅರಳುವುದಕ್ಕೂ ಅದೇ ಮಾತು ಎಂದು ರೊಟ್ಟಿ ಬಡಿಯುತ್ತಲೇ ಅಪ್ಪನಿಗೆ ವಿವರಿಸಿದಳು. ಭತ್ತಕ್ಕೂ ಅದು ನಡೆಯುತ್ತದೆಯೇ ಎಂದು ಅಪ್ಪ ವಿಚಾರಿಸಿದ. ನಡೆಯುತ್ತದೆ ಎಂದ ಮೇಲೆ, ಇಂಗ್ಲಿಷ್ ಅಂಥ ಕೆಟ್ಟ ಭಾಷೆಯೇನಲ್ಲ ಎಂದು ಗಂಭೀರವಾಗಿ ತೀರ್ಪು ಕೊಟ್ಟ.

ಮರುದಿನ ಬೆಳಿಗ್ಗೆ ಅಪ್ಪನಿಗೆ ಬುತ್ತಿ ಕೊಟ್ಟು ಹಾಗೇ ಸಾಲಿಗೆ ಹೋಗೋಣವೆಂದು ಅಕ್ಕ ಪುಸ್ತಕದ ಚೀಲ ಹಿಡಿದೇ ಗದ್ದೆಗೆ ಬಂದಳು. ಜೊತೆಗೆ ನಾನೂ ಇದ್ದೆ. ಅಷ್ಟರಲ್ಲಿ ಎದುರು ಬದುವಿನ ಮೇಲೆ ರಾರಾವಿಯ ಮಾವ, ಅಮ್ಮನ ಅಣ್ಣ, ಪ್ರತ್ಯಕ್ಷನಾದ. ಕೈಯಲ್ಲಿ ಹೊಸ ಸೀರೆ, ಬಾಳೆ ಎಲೆಯಲ್ಲಿ ಕಟ್ಟಿದ ಮಲ್ಲಿಗೆ ದಂಡೆ. ತನ್ನ ಮಗನಿಗೆ ಅಕ್ಕನನ್ನು ತಂದುಕೊಳ್ಳುವುದು ಅವನ ಆಸೆ. ಒಳ್ಳೆಯ ಗಳಿಗೆ ಮೀರುತ್ತದೆಂದು ಮನೆಯಲ್ಲಿ ಕಾಯದೆ ಗದ್ದೆಗೇ ಬಂದಿದ್ದ. ನಮ್ಮಲ್ಲಿ ಹುಡುಗಿಗೆ ಹೂ ಮುಡಿಸಿದರೆ ಮಾತು ಕೊಟ್ಟಂತೆ. ಆಮೇಲೆ ಸಾಲಿ ಗೀಲಿ ಏನೂ ಇಲ್ಲ.

ಮಾವ ಅಡ್ಡದಾರಿ ಹಿಡಿಯಲು ಗದ್ದೆಗೆ ಕಾಲಿಟ್ಟ. ಅಪ್ಪ ಕೈಯೆತ್ತಿ ತಡೆದ.

"ಇಳೀಬ್ಯಾಡ್ರಿ ಭಾವ. ಹೂ ಬಿಟ್ಟೈತಿ."

ತಾನೂ ಭತ್ತ ಬೆಳೆಯುವವನೇ ಆದ್ದರಿಂದ ಮಾವ ನಾಚಿ ಕಾಲು ಹಿಂದೆಗೆದ. ಸುತ್ತು ಹಾಕಿ ಬಂದು ದಂಡೆ ಬಿಚ್ಚಿದ. "ಬಾರವ್ವ, ಹೂ ಮುಡಸ್ತೀನಿ" ಎಂದು ಅಕ್ಕನನ್ನು ಕರೆದ. ಅಕ್ಕ ಪುಸ್ತಕದ ಚೀಲವನ್ನು ಎದೆಗವಚಿ, ತಲೆ ತಗ್ಗಿಸಿ ನಿಂತಳು. ಅಮ್ಮನ ಅಣ್ಣನಿಗೆ ಇಲ್ಲವೆನ್ನುವ ರೂಢಿ ನಮ್ಮ ಮನೆಯಲ್ಲಿರಲಿಲ್ಲ. ಅಪ್ಪ ಒಮ್ಮೆ ಗದ್ದೆಯತ್ತ ನೋಡಿ, ದಂಡೆ ಹಿಡಿದ ಮಾವನ ಕೈಗೆ ಅಡ್ಡ ಬಂದ.

"ಈಗ ಬ್ಯಾಡ್ರಿ. ಈಕಿ ಈಗ ಅರಳಾಕ ಹತ್ಯಾಳ. ಕೈ ಹಚ್ಚಿದ್ರ ಜೊಳ್ಳಾಗ್ತಾಳ."

"ಗದ್ದಿ ಕಾದಂಗ ಮಗಳನ್ನ ಕಾಯ್ತಿಯೇನು?" ಎಂದು ಮಾವ ಚುಚ್ಚಿದ.

"ಗದ್ದಿ ಒಂದು ವಾರ ಕಾಯ್ತೀನಿ. ಈಕಿನ್ನ ಸಾಲಿ ಮುಗಿಯೋತನ ಕಾಯ್ತೀನಿ."

ಮಾವ ನೀರೂ ಕುಡಿಯದೆ ಹಿಂದಿರುಗಿದ. ಅಮ್ಮ ಅಂದು ಒಲೆಯ ಮುಂದೆ ಕೂತು ಅತ್ತಳು. ತವರಿನವರು ಎಷ್ಟೋ ದಿನ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅಪ್ಪ ಆ ನೋವನ್ನು ನುಂಗಿಕೊಂಡ, ಮಾತು ಮಾತ್ರ ಬದಲಿಸಲಿಲ್ಲ.

ಮಕ್ಕಳೇ, ಬಳ್ಳಾರಿಯ ಈ ಮನೆಯಲ್ಲಿ ನಿಮ್ಮನ್ನು ಎಬ್ಬಿಸಿ ಶಾಲೆಯ ವ್ಯಾನು ಹತ್ತಿಸಲು ಮನೆಮಂದಿಯೆಲ್ಲ ಯುದ್ಧಕ್ಕೆ ಹೊರಟವರಂತೆ ಸಜ್ಜಾಗುತ್ತೇವೆ. ನೀವು ಇನ್ನೈದು ನಿಮಿಷ ಎಂದು ಹೊದಿಕೆ ಎಳೆದುಕೊಳ್ಳುತ್ತೀರಿ. ಎಳೆದುಕೊಳ್ಳಿ, ನನ್ನ ತಕರಾರಿಲ್ಲ. ಅಂದು ಅಕ್ಕ ಸಾಲಿಯ ದಾರಿ ಹಿಡಿದು ಬದುವಿನ ಮೇಲೆ ಒಬ್ಬಳೇ ಓಡಿದಳು. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ, ನೋಡಿದರೆ ಎಲ್ಲಿ ವಾಪಸ್ಸು ಕರೆದುಬಿಡುತ್ತಾರೋ ಎಂದು.