ನೀರೊಳಗೆ ಕುಯ್ದ ಜೊಂಡು

ಜೊಂಡು ಅಂದರೆ ಈಗಲೂ ನನಗೆ ಎದೆ ಡವಡವ. ಹಂಪಾಪುರದ ಕಡೆ ನಮ್ಮೂರ ಕೆರೆಯಲ್ಲಿ ಎರಡಾಳೆತ್ತರ ಬೆಳೆಯುತ್ತದೆ. ಗೆಣ್ಣುಗೆಣ್ಣಾದ ಟೊಳ್ಳು ಕಡ್ಡಿ, ಸವರಿದರೆ ಕೈ ಕುಯ್ಯುವ ಎಲೆ, ತುದಿಗೆ ಕಂದು ತೆನೆ. ಮೇಲೆ ಎಷ್ಟು ಕುಯ್ದರೂ ಸಾಯುವುದಿಲ್ಲ. ಕೆಸರೊಳಗೆ ಹೆಬ್ಬೆರಳು ಗಾತ್ರದ ಬೇರು ಮಂಚದ ಹುರಿಯಂತೆ ಹೆಣೆದುಕೊಂಡಿರುತ್ತದೆ. ಆ ಹೆಣಿಗೆಯ ಮೇಲೆಯೇ ನಾವು ಹೆಂಗಸರು ನಡೆದು ಹಸುವಿಗೆ ಎಳೆಹುಲ್ಲು ತರುತ್ತಿದ್ದೆವು.

ಹೋದ ವರ್ಷ ಜೊಂಡಿನಲ್ಲಿ ಹುಲಿ ಕೂತಿದೆ ಎಂಬ ಸುದ್ದಿ ಹಬ್ಬಿತು. ಊರಿಗೆ ಊರೇ ಕುಡುಗೋಲು ಹಿಡಿದು ಕೆರೆಗೆ ಇಳಿಯಿತು. ಮತ್ತೆ ಚಿಗುರಬಾರದೆಂದು ನೀರೊಳಗೆ ಕೈಯಿಟ್ಟು ಬುಡಮಟ್ಟ ಕುಯ್ದರು. ಅಲ್ಲಲ್ಲಿ ಒಂದೆರಡು ಪೊದೆ ಉಳಿದವು. ಜೊಂಡಿನ ಬೇರು ಉಸಿರಾಡುವುದೇ ಆ ಟೊಳ್ಳು ಕಡ್ಡಿಯಿಂದ. ಕುಯ್ದುಳಿದ ಒಣ ಕೂಳೆಯಾದರೂ ನೀರಿನ ಮೇಲೆ ನಿಂತಿರಬೇಕು. ಕೂಳೆ ಮುಳುಗಿತು, ಬೇರು ಕೊಳೆಯಿತು, ಮೇಲೆ ಯಾವುದೋ ಹಸಿರು ಕಳೆ ಹಬ್ಬಿಕೊಂಡಿತು. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಈ ಬೇಸಿಗೆಯಲ್ಲಿ ನನ್ನ ಎಳೆಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಅತ್ತೆಯೂ ನಾನೂ ಉಳಿದ ಪೊದೆಗಳ ಹುಲ್ಲಿಗೆ ಹೋದೆವು. ಹುಲಿಯ ಹೆದರಿಕೆಗೆ ನಾನು ದಡದಲ್ಲೇ ನಿಂತೆ.

"ಬಾರವ್ವ, ಉಲೀಗೆ ನೀನಲ್ದೆ ಬ್ಯಾರೆ ಊಟ ಇಲ್ವಾ?" ಎಂದು ನಗಾಡುತ್ತ ಅತ್ತೆ ಆ ಹಸಿರು ಕಳೆಯ ಮೇಲೆ ಮುಂದೆ ನಡೆದರು. ನಕ್ಕ ಬಾಯಿ ಮುಚ್ಚುವ ಮೊದಲೇ ಸೊಂಟದವರೆಗೆ ಹೂತುಹೋದರು.

ಅಯ್ಯೋ ದೇವರೇ, ಕೂಗಿದರೆ ಕೇಳಲು ಒಂದು ನರಪಿಳ್ಳೆಯಿಲ್ಲ. ದಡಕ್ಕಂಟಿದ್ದ ಪೊದೆಯ ಮೇಲೆ ಬೋರಲು ಬಿದ್ದು, ಎಡಗೈಯಲ್ಲಿ ಅದರ ಬುಡ ಹಿಡಿದು, ಬಲಗೈ ಚಾಚಿದೆ. ಅತ್ತೆಯ ಕೈ ಸಿಕ್ಕಿತು. ಎಳೆದಷ್ಟೂ ಕೆಸರು ಅವರ ಎದೆಗೇರಿತು. ನನ್ನ ಕೆಳಗಿನ ಪೊದೆಯೂ ಜಗ್ಗಿ, ಮೊಣಕೈ ಮುಳುಗಿತು.

ಆಗ ಅತ್ತೆ ಕೈ ಬಿಟ್ಟುಬಿಟ್ಟರು.

ನನ್ನ ಜೀವ ಬಾಯಿಗೆ ಬಂತು. ಕೆಟ್ಟ ಸಿಟ್ಟೂ ಬಂತು. ಮುಂದೆ ತೆವಳಿ ರಟ್ಟೆಯನ್ನೇ ಹಿಡಿದೆ. "ಮುಂದಕ್ಕೆ ಒರಗಿ ಅತ್ತೆ! ಕಾಲಾಡ್ಸಿ!" ಎಂದು ಬಯ್ಯುತ್ತ, ಅಳುತ್ತ ಎಳೆದೆ. ತಡಕಾಡುತ್ತಿದ್ದ ಅವರ ಇನ್ನೊಂದು ಕೈಗೆ ಪೊದೆಯ ಬದುಕಿದ್ದ ಒಂದು ಬೇರು ಸಿಕ್ಕಿತು. ಅದನ್ನು ಹಿಡಿದು ಇಂಚಿಂಚಾಗಿ ಮೇಲೆ ಬಂದರು.

ದಡದಲ್ಲಿ ಇಬ್ಬರೂ ಕೂತೆವು. ಎಲೆ ಕುಯ್ದು ನನ್ನ ಅಂಗೈ ರಕ್ತವಾಗಿತ್ತು.

"ಕೈ ಯಾಕ್ ಬುಟ್ರಿ? ಸಿಕ್ಕಿದ್ ಕೈಯ ಯಾರಾದ್ರೂ ಬುಡ್ತಾರಾ?" ಎಂದು ಜೋರು ಮಾಡಿದೆ.

ಅತ್ತೆ ನನ್ನ ಮುಖದ ಕೆಸರು ಒರೆಸಿದರು. "ನೀನೂ ಮುಳುಗೋಗ್ತಿದ್ದೆ ಕಣವ್ವ," ಎಂದರು. "ಮಗೀಗೆ ಅಜ್ಜಿ ಇಲ್ದಿದ್ರೂ ನಡೀತದೆ."