ಲೇಸರ್ ಕನ್ನಡಿಗೆ ಇಟ್ಟ ಬೊಟ್ಟು

ಇವತ್ತು ಸಂಕಷ್ಟಿ, ಉಪವಾಸ. ಹಾಲು ಕರೆದು, ಬಾಗಿಲಿಗೆ ನೀರು ಹಾಕಿ ಒಳಗೆ ಬಂದರೆ ಮಗಳು ಸುಮಾ ಕಟ್ಟಿದ ಲೇಸರ್ ಯಂತ್ರ ಗೋಡೆಯ ಮೇಲೆ ಮದುಮಕ್ಕಳ ಹೆಸರು ಬರೆಯುತ್ತಿತ್ತು. ಎರಡು ಪುಟ್ಟ ಕನ್ನಡಿಗಳು ಅಲುಗಾಡಿ ಬೆಳಕನ್ನು ಓಡಿಸುತ್ತವೆ. ಅಕ್ಷರದಿಂದ ಅಕ್ಷರಕ್ಕೆ ಹೋಗುವಾಗ ಬೆಳಕು ಆರುತ್ತದೆ. ಅವಳು ಯಂತ್ರ ಆರಿಸಿ ಸ್ನಾನಕ್ಕೆ ಹೋದಾಗ ಆ ಕನ್ನಡಿಗಳಿಗೆ ಕುಂಕುಮ ಇಟ್ಟೆ, ಸ್ನೇಹಿತರೇ. ಅವಳು ಬಂದು ಮತ್ತೆ ಹಾಕಿದರೆ ಹೆಸರೆಲ್ಲ ಕಲಸಿಹೋಗಿತ್ತು.

“ಕನ್ನಡಿಗೆ ಯಾರಾದ್ರೂ ಬೊಟ್ಟು ಇಡ್ತಾರೇನಮ್ಮಾ? ಸಂಜೆ ಮುಳಬಾಗಿಲ ಆರತಕ್ಷತೇಲಿ ನನ್ನ ಮೊದಲ್ನೇ ಷೋ!”

“ಹೊಸ ಮಿಷನ್ನು ಕಣೇ, ಬರೀ ಹಣೇಲಿ ಕಳಿಸ್ಲಾ?”

ಕನ್ನಡಿಗಳನ್ನು ಹತ್ತಿಯಲ್ಲಿ ಒರೆಸಿಕೊಂಡು, ‘ಹೋಗ್ಬರ್ತೀನಿ’ ಎನ್ನದೆ ಹೊರಟುಹೋದಳು. ಫೋನೂ ಎತ್ತುತ್ತಿಲ್ಲ.

ಮುಳಬಾಗಿಲಿನ ಆ ಆರತಕ್ಷತೆಗೆ ಹೋಗುವವರು ಯಾರಾದರೂ ಸುಮಾನ ಕೇಳಿ, ಹೆಸರು ನೆಟ್ಟಗೆ ಬಂತಾ ಅಂತ. ಮುಂದಿನ ಸಲ ಅಮ್ಮ ಬೊಟ್ಟು ಯಂತ್ರದ ಡಬ್ಬಕ್ಕೆ ಮಾತ್ರ ಇಡುತ್ತಾಳಂತೆ ಎನ್ನಿ. ಬೈದರೆ ಬೈಯಲಿ, ಅವಳ ಉತ್ತರವನ್ನು ಹಾಗೇ ತಂದುಕೊಡಿ.