ದಿನಕ್ಕೆ ಎಂಟು ಪಾಯಿಂಟ್

ಬ್ಯಾಡಗಿಯ ಆ ಮೂರಂತಸ್ತಿನ ಅಂಗಡಿ ಕಟ್ಟಡಕ್ಕೆ ಹದಿನೆಂಟು ದಿನ ಸಾಕು ಎಂದು ಬರೆದುಕೊಟ್ಟವನು ನಾನೇ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವನು ನಾನೊಬ್ಬನೇ. ಎರಡು ಸಲ ಫೇಲಾಗಿ, ಕಡೆಗೂ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ, ರಾಣೆಬೆನ್ನೂರಿನ ವೈರಿಂಗ್ ಕಾಂಟ್ರ್ಯಾಕ್ಟರ್ ಒಬ್ಬರ ಆಫೀಸು ಸೇರಿದ್ದೆ. ನಕ್ಷೆಯ ಮೇಲೆ ಲೈಟು, ಫ್ಯಾನು, ಪ್ಲಗ್ಗಿನ ಜಾಗಗಳನ್ನು ಎಣಿಸಿ, ಎಷ್ಟು ಆಳು ಎಷ್ಟು ದಿನ ಬೇಕೆಂದು ಹೇಳುವುದು ನನ್ನ ಕೆಲಸ. ಅಂಥ ಒಂದೊಂದು ಜಾಗಕ್ಕೆ ನಾವು ಪಾಯಿಂಟ್ ಅನ್ನುತ್ತೇವೆ. ಇಬ್ಬರು ಸೇರಿ ದಿನಕ್ಕೆ ಎಂಟು ಪಾಯಿಂಟಿಗೆ ಗೋಡೆ ಕೊರೆದು ಪೈಪು ಕೂಡಿಸುತ್ತಾರೆ ಎಂದು ಹಿಡಿದು ಭಾಗಿಸಿದ್ದೆ.

ಆ ಎಂಟು ಪುಸ್ತಕದ್ದಲ್ಲ. ಹಾವೇರಿಯ ಕಟ್ಟಡವೊಂದರಲ್ಲಿ ಎರಡು ದಿನ ಗಡಿಯಾರ ನೋಡುತ್ತಾ ನಿಂತು ನಾನೇ ಬರೆದುಕೊಂಡದ್ದು. ಅಲ್ಲಿ ಗೋಡೆ ಕೊರೆಯುತ್ತಿದ್ದವರು ಇಬ್ಬರು. ಒಬ್ಬ ಹೊಸರಿತ್ತಿಯವನು, ನಾನು ಕಾಕಾ ಎನ್ನುತ್ತಿದ್ದೆ. ಇನ್ನೊಬ್ಬ ನಮ್ಮಪ್ಪ. ಅಗಡಿಯಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬಂದು ಚಾಣ, ಸುತ್ತಿಗೆ ಹಿಡಿಯುತ್ತಿದ್ದ. ನನ್ನನ್ನು ಓದಿಸಿದ್ದೂ ಅದೇ ಚಾಣ.

ಬ್ಯಾಡಗಿಯ ಕೆಲಸಕ್ಕೂ ಅದೇ ಜೋಡಿ ಹೋಯಿತು. ಒಂದು ವಾರಕ್ಕೇ ಕೆಲಸ ಹಿಂದೆ ಬಿತ್ತು. ಮಾಲಕರು ಕೆಳಗಿನ ಅಂಗಡಿಗಳಲ್ಲಿ ಆಗಲೇ ಮೆಣಸಿನಕಾಯಿ ಚೀಲ ಒಟ್ಟಿಸಿದ್ದರು. ನಾನು ತಪ್ಪನ್ನು ಚೀಲಗಳ ಮೇಲೆ ಹಾಕಿ ನಿರಾಳವಾದೆ. ಆದರೆ ಮೇಲಿನ ಎರಡು ಮಾಳಿಗೆ ಖಾಲಿಯೇ ಇದ್ದವು. ಅಲ್ಲಿಯೂ ದಿನಕ್ಕೆ ಆರರ ಮೇಲೆ ಆಗುತ್ತಿರಲಿಲ್ಲ. ಅಪ್ಪ ಅಗಡಿಯಿಂದ ಮೊದಲ ಬಸ್ಸಿಗೇ ಹೊರಡತೊಡಗಿದ.

ಒಂದು ಮಧ್ಯಾಹ್ನ ಹೋದಾಗ ಇಬ್ಬರೂ ಉಣ್ಣುತ್ತಿದ್ದರು. ಅಪ್ಪನ ರೊಟ್ಟಿಯನ್ನು ಕಾಕಾ ಮುರಿದು ಪಲ್ಯದಲ್ಲಿ ಕಲಸಿಕೊಡುತ್ತಿದ್ದ. ಅಪ್ಪನ ಬಲಗೈ ಬೆರಳು ಮಡಚುತ್ತಿರಲಿಲ್ಲ.

"ಬರ್ರಿ ಸಾಹೇಬ್ರ," ಎಂದ ಕಾಕಾ. "ನೀವು ಪೆನ್ನಿಲೆ ಕೊರದ್ರಿ, ನಾವು ಚಾಣಲೆ ಕೊರಿಯಾಕತ್ತೇವಿ. ಪೆನ್ನು ಭಾಳ ಲಗೂ ಓಡತೈತಿ ನೋಡ್ರಿ."

"ಹಾವೇರಿಯೊಳಗ ಎಂಟು ಆಗಿತ್ತಲ್ಲೊ ಕಾಕಾ?"

"ಆಗಿತ್ತು. ಮಗ ಗಡಿಯಾರ ಹಿಡಕೊಂಡು ನಿಂತಾನಂತ ನಿಮ್ಮಪ್ಪ ಎರಡು ದಿನ ಒಂದು ಬೀಡಿ ಸೇದ್ಲಿಲ್ಲ. ನನ್ನನ್ನೂ ನೀರು ಕುಡಿಯಾಕ ಬಿಡ್ಲಿಲ್ಲ ಪುಣ್ಯಾತ್ಮ!"

"ಸುಮ್ನ ಉಣ್ಣೊ ನೀ," ಎಂದ ಅಪ್ಪ.

ನಾನು ಅಲ್ಲಿಂದ ಸೀದಾ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಎಂಟರ ಬದಲು ಆರು ಹಿಡಿದು ಮತ್ತೆ ಭಾಗಿಸಿದೆ. ಹದಿನೆಂಟು ಎಂಬುದು ಆ ಆಫೀಸಿನಲ್ಲಿ ನನ್ನ ಮೊದಲ ಲೆಕ್ಕ. ಅದನ್ನು ತಪ್ಪು ಎಂದರೆ ಅಷ್ಟು ವರ್ಷದ ಓದೇ ತಪ್ಪು ಎಂದ ಹಾಗೆ ಅನಿಸುತ್ತಿತ್ತು. ಹೇಳದಿದ್ದರೆ ಅಪ್ಪನ ಕೈ ಹೋಗುತ್ತಿತ್ತು.

"ಲೆಕ್ಕ ನಂದ ತಪ್ಪೈತ್ರಿ. ಇಪ್ಪತ್ನಾಲ್ಕು ದಿನ ಬೇಕು," ಎಂದೆ ಆಫೀಸು ಹೊಕ್ಕವನೇ.

ಕಾಂಟ್ರ್ಯಾಕ್ಟರ್ ಕನ್ನಡಕ ತೆಗೆದರು. "ಇಷ್ಟು ಕಲತು ಇದನ್ನ ಹೇಳಾಕ ಬಂದಿ ಏನಪಾ? ಮಾಲಕರಿಗೆ ನಾ ಯಾವ ಮಾರಿ ತೋರಿಸ್ಲಿ?" ಕಾರಣ ಕೇಳಿದರು. ನಾನು ಅಪ್ಪನ ಹೆಸರು ಎತ್ತಲಿಲ್ಲ. ನಾನು ಸರಿಯಾಗಿ ಅಳೆಯಲಿಲ್ಲ ಎಂದಷ್ಟೇ ಹೇಳಿದೆ. ಅದನ್ನೇ ಬರೆದು ಸಹಿ ಹಾಕು ಎಂದರು. ಹಾಕಿದೆ. ಬಹಳ ಹೊತ್ತು ಬೈದು, ಕಡೆಗೆ ಬ್ಯಾಡಗಿಗೆ ಫೋನು ಮಾಡಿದರು. ಆರು ದಿನ ಸಿಕ್ಕಿತು.

ಅಪ್ಪನಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವನು ಸಿಟ್ಟಿಗೆದ್ದ.

"ತಪ್ಪು ಅಂತ ಯಾಕ ಬರಕೊಟ್ಟಿ? ನಾ ಮುಗಸ್ತಿದ್ದೆ. ಎಂಟಂತ ಬರದಿದ್ದಿ, ಎಂಟ ಆಗತಿತ್ತು."

"ಕೈ ನೋಡಿದ್ಯೇನಪಾ?"

"ಕೈ ನಂದು. ಸಹಿ ನಿಂದು," ಎಂದು ಎದ್ದು ಹೋದ. ಆದರೆ ಮೊದಲ ಬಸ್ಸಿಗೆ ಹೋಗುವುದನ್ನು ಬಿಟ್ಟ.

ಮುಂದಿನ ಕೆಲಸ ರಾಣೆಬೆನ್ನೂರಿನಲ್ಲಿತ್ತು. ಹೊಸದಾಗಿ ಅಳೆಯಬೇಕಿತ್ತು. ಮತ್ತೆ ನೋಟ್‌ಬುಕ್ ಹಿಡಿದು ಗೋಡೆಯ ಬದಿಗೆ ನಿಂತೆ. ಅಪ್ಪ ಅರ್ಧ ಗಂಟೆ ತಲೆ ಎತ್ತದೆ ಕೊರೆದ. ಸುಣ್ಣದ ಪುಡಿ ಮೀಸೆಯ ಮೇಲೆಲ್ಲ ಕೂತಿತ್ತು. ನನಗೆ ಆಗಲೇ ಸುಸ್ತಾಗಿತ್ತು, ಮತ್ತೆ ಅದೇ ಆಟ ಎಂದು. ಆಮೇಲೆ ಅವನು ಚಾಣ ಕೆಳಗಿಟ್ಟ. ಸಿಮೆಂಟ್ ಚೀಲದ ಮೇಲೆ ಕೂತು, ಬೀಡಿ ಹಚ್ಚಿ, ನನ್ನ ಕಡೆ ನೋಡಿದ.

"ಇದನ್ನೂ ಬರಕೊಂಡ್ಯೊ ಇಲ್ಲೊ?"

"ಬರಕೊಂಡೆ," ಎಂದೆ.